ಲೀಲಾಳ ತಂಬಿಗೆ

ನಮ್ಮ ಮನೆಯಲ್ಲಿ ಹುಡುಗಿ ದೊಡ್ಡವಳಾದಳೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದವಳು ದೊಡ್ಡತ್ತೆ. ಬೇರೆ ಮನೆಗಳಲ್ಲಿ ಅದು ಮೈಗೆ ಸಂಬಂಧಿಸಿದ ಸಂಗತಿ, ನಮ್ಮಲ್ಲಿ ಆಟದ ಸಾಮಾನಿಗೆ ಸಂಬಂಧಿಸಿದ್ದು. ದೊಡ್ಡತ್ತೆ ಅಪ್ಪನ ಅಕ್ಕ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು, ಪ್ರಾಥಮಿಕ ಶಾಲೆಯೊಂದರಲ್ಲಿ ಬಾಯಾರಾಗಿ, ಅಂದರೆ ಶಿಕ್ಷಕಿಯಾಗಿ ಸೇರಿ, ಶಾಲೆಯಲ್ಲಿ ಹೇಗೋ ಮನೆಯಲ್ಲೂ ಹಾಗೆಯೇ ಬೆತ್ತ ಹಿಡಿದವಳಂತೆ ಬದುಕಿದವಳು. ಕೇಶ್ವಾಪುರದ ನಮ್ಮ ಮೂರು ಕೋಣೆಯ ಹಂಚಿನ ಮನೆಗೆ ಅಪ್ಪ ರೈಲ್ವೆ ಕಾರ್ಖಾನೆಯಲ್ಲಿ ದುಡಿದು ಸಂಬಳ ತರುತ್ತಿದ್ದ, ಅವ್ವ ಅಡುಗೆ ಮಾಡುತ್ತಿದ್ದಳು, ಆಳುತ್ತಿದ್ದವಳು ಮಾತ್ರ ಈಕೆ. ಪಡಸಾಲೆಯಲ್ಲಿ ಆಕೆಯ ಮಂಚ, ಮಂಚದ ತಲೆದೆಸೆಗೆ ಬೀದಿಯ ಕಿಟಕಿ. ಯಾರು ಬಂದರು, ಯಾರು ಹೋದರು, ಯಾರ ಕೈಯಲ್ಲಿ ಏನಿತ್ತು, ಯಾವುದೂ ಆಕೆಯ ಕಣ್ಣು ತಪ್ಪಿ ನಡೆಯುವಂತಿರಲಿಲ್ಲ. ನಡುಕೋಣೆ ಅಪ್ಪ, ಅವ್ವ, ನಾನು ಮತ್ತು ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಲೀಲಾಳದು. ಅದರ ಹಿಂದೆ ಹೊಗೆಗೆ ಕಪ್ಪಾದ ಅಡುಗೆಮನೆ, ಅದರ ಮೇಲೆ ಅಟ್ಟ. ಊಟಕ್ಕೆ ಕೂತಾಗ ಯಾರ ತಾಟಿಗೆ ಎಷ್ಟು ರೊಟ್ಟಿ, ಯಾರಿಗೆ ಬೆಣ್ಣೆ, ಯಾರಿಗೆ ಬರೀ ಶೇಂಗಾ ಚಟ್ನಿ ಎಂದು ಹೇಳುವವಳೂ ಅತ್ತೆಯೇ. ಅವ್ವ ಒಂದು ದಿನವೂ ಎದುರು ಮಾತಾಡಿದವಳಲ್ಲ. ಸಿಟ್ಟು ಬಂದ ದಿನ ಭಾಂಡೆ ತಿಕ್ಕುವ ಸಪ್ಪಳ ಜೋರಾಗುತ್ತಿತ್ತು, ಅಷ್ಟೇ. ಆಗ ಅತ್ತೆ ಮಂಚದ ಮೇಲಿಂದಲೇ ಹೇಳುತ್ತಿದ್ದಳು.

"ಭಾಂಡೆ ನೆಗ್ಗಿದ್ರ ನಿನ್ನ ತವರಮನಿಯವರು ಕೊಡಿಸ್ತಾರೇನವಾ?"

ಸಪ್ಪಳ ನಿಂತುಬಿಡುತ್ತಿತ್ತು. ನಾನೂ ಲೀಲಾಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅವ್ವ ಸೋತಾಗೆಲ್ಲ ನಮಗೆ ನಗು ಬರುತ್ತಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಬರುತ್ತಿದ್ದದ್ದು ನಿಜ. ಗೆಲ್ಲುವವರ ಕಡೆ ನಿಲ್ಲುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಕ್ರಿಸ್ಮಸ್ಸಿಗೆ ಇನ್ನೂ ನಾಲ್ಕು ಭಾನುವಾರ ಇವೆ ಎನ್ನುವಾಗ ಅತ್ತೆಯ ಪರೀಕ್ಷೆ ಶುರುವಾಗುತ್ತಿತ್ತು. ಅದು ಆಕೆಯ ಅವ್ವನಿಂದ ಬಂದದ್ದು. ಮನೆಯಲ್ಲಿ ಯಾವ ಮಗು ಆಟ ಬಿಡುವ ವಯಸ್ಸಿಗೆ ಬಂದಿದೆಯೋ ಅದರ ಆಟದ ಸಾಮಾನನ್ನೆಲ್ಲ, ಮಗು ಹೊರಗೆ ಹೋದಾಗ, ಒಂದು ಚಹಾಪುಡಿಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ ತುಂಬಿ ಅಟ್ಟದ ಮೇಲೆ ಇಡುವುದು. ಮಗುವಿಗೆ ಏನೂ ಹೇಳುವಂತಿಲ್ಲ. ಆ ನಾಲ್ಕು ವಾರದಲ್ಲಿ ಮಗು ಮನೆಯ ಯಾರನ್ನಾದರೂ ಒಂದೇ ಒಂದು ಸಲ "ನನ್ನ ಸಾಮಾನು ಎಲ್ಲಿ" ಎಂದು ಕೇಳಿದರೆ ಅದು ಇನ್ನೂ ಸಣ್ಣದು ಎಂದು ಲೆಕ್ಕ. ಹಬ್ಬದ ಬೆಳಿಗ್ಗೆ ಪೆಟ್ಟಿಗೆ ಕೆಳಗಿಳಿಯುತ್ತಿತ್ತು, ಜೊತೆಗೆ ಹೊಸ ಆಟದ ಸಾಮಾನೊಂದು ಸಿಗುತ್ತಿತ್ತು. ಕೇಳದೇ ಇದ್ದರೆ ದೊಡ್ಡದಾಯಿತು. ಆಗ ಉಡುಗೊರೆ ಎಂದರೆ ಸ್ಟೀಲಿನ ಒಂದು ಭಾಂಡೆ, ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು. ಮದುವೆಯ ಸಾಮಾನಿಗೆ ಅದೇ ಮೊದಲು, ಮುಂದೆ ಪ್ರತಿ ಕ್ರಿಸ್ಮಸ್ಸಿಗೂ ಒಂದೊಂದು. ಹಳೆಯ ಸಾಮಾನನ್ನು ಹಬ್ಬದ ಮಧ್ಯಾಹ್ನ ಕರ್ಜಿಕಾಯಿ, ಚಕ್ಕುಲಿ ತಿನ್ನಲು ಬರುವ ಓಣಿಯ ಸಣ್ಣ ಮಕ್ಕಳಿಗೆ ಆ ಮಗುವೇ ತನ್ನ ಕೈಯಾರೆ ಹಂಚಬೇಕು, ನಗುತ್ತ ಹಂಚಬೇಕು. ಕೇಳಿ ಪಡೆಯುವವರು ಸಣ್ಣವರು, ಕೇಳದೆ ಕೊಡುವವರು ದೊಡ್ಡವರು ಎಂಬುದು ಅತ್ತೆಯ ಧರ್ಮ. ಪ್ರತಿ ಹಬ್ಬಕ್ಕೂ ಅದನ್ನು ಬೈಬಲಿನಲ್ಲೇ ಇದೆಯೇನೋ ಎಂಬಂತೆ ಹೇಳುತ್ತಿದ್ದಳು.

ನನ್ನ ಪೆಟ್ಟಿಗೆ ಅಟ್ಟ ಹತ್ತಿದಾಗ ನನಗೆ ಹನ್ನೊಂದು. ಆ ವಾರವೇ ನಾನು ಅತ್ತೆಯ ಕನ್ನಡಕವನ್ನು ಹಾಕಿಕೊಂಡು ಬಾಯಾರ ಆಟ ಆಡುವಾಗ ಬೀಳಿಸಿ, ಒಂದು ಗಾಜಿನ ಅಂಚು ಒಡೆದು, ಒರೆಸಿ ಹಾಗೆಯೇ ಡಬ್ಬಿಯಲ್ಲಿಟ್ಟಿದ್ದೆ. ಭಾನುವಾರ ಚರ್ಚಿನಿಂದ ಬಂದು ನೋಡಿದರೆ ಮೂಲೆ ಖಾಲಿ. ಕನ್ನಡಕದ ಸುದ್ದಿ ತಿಳಿದುಹೋಗಿದೆ, ಅದಕ್ಕೇ ಸಾಮಾನು ಜಪ್ತಿಯಾಗಿದೆ, ಬಾಯಿ ಬಿಟ್ಟರೆ ಹೊಡೆತವೂ ಬೀಳುತ್ತದೆ ಎಂದುಕೊಂಡೆ. ನಾಲ್ಕು ವಾರ ತುಟಿ ಹೊಲಿದುಕೊಂಡವಳ ಹಾಗೆ ಇದ್ದೆ. ಹೆದರಿಕೆಯನ್ನು ಅತ್ತೆ ಪ್ರೌಢಿಮೆ ಎಂದು ತಿಳಿದಳು. ಹಬ್ಬದ ಬೆಳಿಗ್ಗೆ ಹಳೆಯ ಪೇಪರಿನಲ್ಲಿ ಸುತ್ತಿದ ತಾಟು ನನ್ನ ತೊಡೆಯ ಮೇಲೆ ಬಂತು. ಸುನಂದಾ ಎಂದು ಬರೆದಿತ್ತು. ಅಪ್ಪ ತಲೆ ಸವರಿದ. ಅವ್ವ ಒಲೆಯ ಕಡೆ ತಿರುಗಿ ಏನೋ ಕೈಯಾಡಿಸುತ್ತ ನಿಂತಳು. ಅವಳಿಗೆ ಎಲ್ಲ ಗೊತ್ತಿತ್ತು, ನಾಲ್ಕು ವಾರವೂ ಗೊತ್ತಿತ್ತು. ಮಧ್ಯಾಹ್ನ ನನ್ನ ಬಟ್ಟೆಯ ಗೊಂಬೆ, ಬುಗುರಿ, ಲೂಡೋ ಪಟ ಎಲ್ಲವನ್ನೂ ಹಂಚಿದೆ. ನಗು ಅಂದರು, ನಕ್ಕೆ. ಗೊಂಬೆಯನ್ನು ಕೊಡುವಾಗ ಅದರ ಒಂದು ಗುಂಡಿಕಣ್ಣನ್ನು ಕಿತ್ತುಕೊಂಡು ಮುಷ್ಟಿಯಲ್ಲಿ ಇಟ್ಟುಕೊಂಡೆ. ನನಗೆ ಸಿಗದ ಮೇಲೆ ಇನ್ನೊಬ್ಬಳಿಗೆ ಇಡಿಯಾಗಿ ಏಕೆ ಸಿಗಬೇಕು ಎನ್ನಿಸಿತ್ತು. ನನ್ನ ಸ್ವಭಾವ ಎಂದು ಏನನ್ನು ಕರೆಯುತ್ತಾರೋ ಅದು ಆ ಮಧ್ಯಾಹ್ನದಿಂದ ಶುರುವಾಯಿತು ಎಂದು ನನ್ನ ಲೆಕ್ಕ.

ಆಮೇಲೆ ಅತ್ತೆ ನನ್ನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು. ಪರೀಕ್ಷೆಯ ಗುಟ್ಟನ್ನು ಆಕೆಯೇ ಹೇಳಿದಳು, ಹೆಮ್ಮೆಯಿಂದ ಹೇಳಿದಳು. ನಾನು ದೊಡ್ಡವರ ಪಂಕ್ತಿಯಲ್ಲಿ ಕೂತೆ, ರೊಟ್ಟಿಗೆ ಬೆಣ್ಣೆ ಸಿಗತೊಡಗಿತು, ಅವ್ವ ಸಪ್ಪಳ ಮಾಡಿದಾಗ "ಭಾಂಡೆ ನೆಗ್ಗತಾವು" ಎಂದು ನಾನೇ ಹೇಳುವಷ್ಟು ಮುಂದುವರಿದೆ. ಎರಡು ವರ್ಷ ಕಳೆದು ಲೀಲಾಳ ಸರದಿ ಬಂದಾಗ ಪೆಟ್ಟಿಗೆ ಹೊತ್ತು ಅಟ್ಟದ ಏಣಿ ಹತ್ತಿದವಳು ನಾನು.

ಲೀಲಾಳಿಗೆ ಆಗ ಹತ್ತು. ಆಟ ಬಿಡುವ ವಯಸ್ಸೂ ಹೌದು, ಅಲ್ಲವೂ ಹೌದು. ಓಣಿಯ ಹುಡುಗಿಯರ ಮುಂದೆ ಗೊಂಬೆಯನ್ನು ಮುಟ್ಟುತ್ತಿರಲಿಲ್ಲ, ಕುಂಟಾಬಿಲ್ಲೆಯಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದಳು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಚಿನ್ನಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಶಾಲೆಯಲ್ಲಿ ನಡೆದದ್ದನ್ನೆಲ್ಲ ವರದಿ ಒಪ್ಪಿಸುತ್ತಿದ್ದಳು. ಚಿನ್ನಿ ಎಂದರೆ ಒಂದು ಪ್ಲಾಸ್ಟಿಕ್ಕಿನ ಗೊಂಬೆ, ಮಲಗಿಸಿದರೆ ಒಂದೇ ಕಣ್ಣು ಮುಚ್ಚುತ್ತಿತ್ತು. ಅದಕ್ಕೆ ಅಪ್ಪನ ಹಳೆಯ ಅಂಗಿಯ ತೋಳಿನಿಂದ ಲಂಗ ಹೊಲಿದಿದ್ದಳು. ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಗೊಂಬೆಯ ಮೇಲೆ ಆಸೆ ಇತ್ತೆಂದಲ್ಲ. ನನ್ನದನ್ನು ಕಿತ್ತುಕೊಂಡ ಮನೆಯಲ್ಲಿ ಇವಳಿಗೆ ಮಾತ್ರ ಇನ್ನೂ ಇದೆ ಎಂಬುದೇ ಸಾಕಾಗಿತ್ತು.

ಪೆಟ್ಟಿಗೆ ಅಟ್ಟ ಸೇರಿದ ಮರುದಿನವೇ ಲೀಲಾ ಕೇಳಿದಳು. ಅತ್ತೆಯನ್ನಲ್ಲ, ಅವ್ವನನ್ನಲ್ಲ, ನನ್ನನ್ನು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅವಳು ಬಂದು ಇನ್ನೊಂದು ತುದಿ ಹಿಡಿದುಕೊಂಡಳು.

"ಅಕ್ಕಾ, ಚಿನ್ನಿ ಎಲ್ಲೆ ಹೋತು? ನನ್ನ ಸಾಮಾನು ಒಂದೂ ಇಲ್ಲ."

ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ನಾನು ಒಳಗೆ ಹೋಗಿ "ಕೇಳಿದ್ಲು" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಟ್ಟೆಯನ್ನು ಇನ್ನೊಂದು ಸುತ್ತು ಹಿಂಡಿದೆ.

"ಹಬ್ಬಕ್ಕ ಅತ್ತಿ ಏನೋ ಮಾಡಾಕತ್ತಾಳ. ಯಾರ ಮುಂದೂ ಕೇಳಬ್ಯಾಡ. ಯಾರು ಸುಮ್ಮನಿರ್ತಾರ, ಅವರಿಗೆ ದೊಡ್ಡ ಗೊಂಬಿ ಸಿಗ್ತೈತಿ."

"ಎಷ್ಟು ದೊಡ್ಡದು?"

"ಎರಡೂ ಕಣ್ಣು ಮುಚ್ಚತಾವು."

"ಚಿನ್ನಿ?"

"ಅದೂ ಬರ್ತೈತಿ. ಕೇಳಿದ್ರ ಮಾತ್ರ ಎರಡೂ ಹೋಗ್ತಾವು ನೋಡು."

ಅವಳು ತಲೆಯಾಡಿಸಿದಳು. ಲೀಲಾ ಮಾತು ಕೊಟ್ಟರೆ ತಪ್ಪುವವಳಲ್ಲ. ನಾಲ್ಕು ವಾರ ಅವಳನ್ನು ನೋಡುವುದೇ ನನಗೆ ಒಂದು ಕೆಲಸವಾಯಿತು. ಅಡುಗೆಮನೆಯಲ್ಲಿ ಅವ್ವ ಕರ್ಜಿಕಾಯಿಯ ಹಿಟ್ಟು ನಾದುವಾಗ ಅಟ್ಟದ ಕೆಳಗೇ ಕೂತಿರುತ್ತಿದ್ದಳು, ಮೇಲೆ ಮಾತ್ರ ನೋಡುತ್ತಿರಲಿಲ್ಲ. ಅಪ್ಪ ಬಿದಿರಿನ ಕಡ್ಡಿ ಕಟ್ಟಿ ನಕ್ಷತ್ರಕ್ಕೆ ಕೆಂಪು ಕಾಗದ ಅಂಟಿಸುವಾಗ ಮಿಕ್ಕ ಚೂರುಗಳನ್ನು ಆರಿಸಿ ಚಿನ್ನಿಯ ಲಂಗಕ್ಕೆ ಅಂಚು ಮಾಡಬೇಕೆಂದು ಮಡಿಸಿಟ್ಟಳು. ಎರಡನೆಯ ವಾರದಲ್ಲಿ ಶಾಲೆಯ ವರದಿಯನ್ನು ಉಂಡೆ ಮಾಡಿದ ತನ್ನ ಶಾಲಿಗೆ ಒಪ್ಪಿಸುವುದನ್ನು ಕಂಡೆ. ನನ್ನನ್ನು ನೋಡಿ ಶಾಲು ಬಿಡಿಸಿ ಹೊದ್ದುಕೊಂಡಳು. ಕರುಣೆ ಬರಬೇಕಿತ್ತು. ಬಂದದ್ದು ಕುತೂಹಲ, ಎಲ್ಲಿಯವರೆಗೆ ತಡೆಯುತ್ತಾಳೆ ನೋಡೋಣ ಎಂಬುದು. ಪ್ರತಿ ಭಾನುವಾರ ಊಟವಾದ ಮೇಲೆ ಅತ್ತೆ ತಪ್ಪದೆ ವಿಚಾರಿಸುತ್ತಿದ್ದಳು.

"ಕೇಳಿದ್ಲೇನು?"

"ಇಲ್ಲರಿ."

"ಒಮ್ಮಿನೂ?"

"ಒಮ್ಮಿನೂ ಇಲ್ಲರಿ. ಮರತೇಬಿಟ್ಟಾಳ."

ಹಬ್ಬಕ್ಕೆ ಮೂರು ದಿನ ಇದ್ದಾಗ ಅತ್ತೆ ನನ್ನನ್ನು ಪೇಟೆಗೆ ಕರೆದುಕೊಂಡು ಹೋದಳು. ದುರ್ಗದಬೈಲಿನ ಜನದಲ್ಲಿ ಆಕೆಯ ಸೆರಗು ಹಿಡಿದು ನಡೆದೆ. ಭಾಂಡೆ ಅಂಗಡಿಯ ಎದುರಿಗೇ ಆಟದ ಸಾಮಾನಿನ ಅಂಗಡಿ. ಅಲ್ಲಿ ಹಗ್ಗಕ್ಕೆ ಕಟ್ಟಿದ ಗೊಂಬೆಗಳ ಸಾಲಿನಲ್ಲಿ ಒಂದು, ನೀಲಿ ಫ್ರಾಕಿನದು, ಗಾಳಿಗೆ ಹಿಂದಕ್ಕೆ ಬಾಗಿದಾಗಲೆಲ್ಲ ಎರಡೂ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಹಿತ್ತಲಲ್ಲಿ ನಾನು ಬಾಯಿಗೆ ಬಂದಂತೆ ಕಟ್ಟಿ ಹೇಳಿದ್ದ ಗೊಂಬೆಯೇ ಅಲ್ಲಿ ನೇತಾಡುತ್ತಿತ್ತು. ಅತ್ತೆ ನಿಂತಳು. ಆಕೆ ಅಂಥ ಅಂಗಡಿಯ ಮುಂದೆ ನಿಂತದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

"ಸುನಂದಾ, ಲೀಲಾ ಇನ್ನೂ ಸಣ್ಣಾಕಿ ಅನಸ್ತೈತಿ ನನಗ. ಹತ್ತು ಅಂದ್ರ ಏನ್ ವಯಸ್ಸು. ಈ ವರ್ಷ ಗೊಂಬಿ ಕೊಡಿಸಿಬಿಡೂಣೇನು?"

ನಾನು ನೀಲಿ ಫ್ರಾಕನ್ನೇ ನೋಡುತ್ತ ನಿಂತೆ.

"ನೀ ದಿನಾ ಅಕಿ ಜೋಡಿ ಇರ್ತಿ. ನೀ ಏನಂತಿ ಅದ ಖರೇ."

ಹನ್ನೊಂದು ವರ್ಷದ ನನಗಾಗಿ ಯಾರೂ ಈ ಅಂಗಡಿಯ ಮುಂದೆ ನಿಂತಿರಲಿಲ್ಲ. ಲೀಲಾಳಿಗಾಗಿ ಕಲ್ಲಿನಂಥ ಅತ್ತೆಯೂ ನಿಂತಳು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಗೊಂಬಿ ಕೊಟ್ರ ನಗ್ತಾಳರಿ ಅಕಿ. ದೊಡ್ಡಾಕಿ ಆಗ್ಯಾಳ."

ಅತ್ತೆ ನಿಟ್ಟುಸಿರು ಬಿಟ್ಟು ಎದುರಿನ ಅಂಗಡಿಗೆ ನಡೆದಳು. ತಂಬಿಗೆಯನ್ನು ಆರಿಸಿದವಳೂ ನಾನೇ. ಹೆಸರು ಕೊರೆಯುವವನು ತಂಬಿಗೆಯನ್ನು ತೊಡೆಯ ನಡುವೆ ಇಟ್ಟುಕೊಂಡು ಯಂತ್ರ ಹಿಡಿದು ಕೇಳಿದ.

"ಏನ್ ಹಾಕಲಿ ಹೆಸರು?"

"ಲೀಲಾ" ಎಂದೆ. "ದೊಡ್ಡ ಅಕ್ಷರದಾಗ ಹಾಕ್ರಿ."

ಕ್ರಿಸ್ಮಸ್ಸಿನ ಬೆಳಿಗ್ಗೆ ಪೇಪರಿನ ಗಂಟನ್ನು ಕೈಗೆ ತೆಗೆದುಕೊಂಡ ಕೂಡಲೇ ಲೀಲಾಳಿಗೆ ತೂಕದಿಂದ ಗೊತ್ತಾಗಿರಬೇಕು. ಆದರೂ ನಿಧಾನವಾಗಿ, ಪೇಪರು ಹರಿಯದ ಹಾಗೆ ಬಿಚ್ಚಿದಳು. ತಂಬಿಗೆಯನ್ನು ಹೊರಗೆ ತೆಗೆದು ಅದರ ಒಳಗೆ ಕೈ ಹಾಕಿ ನೋಡಿದಳು. ಒಳಗೆ ಏನಾದರೂ ಇರಬಹುದೆಂದು ತಿಳಿದಿದ್ದಳು. ಅಪ್ಪ ಜೋರಾಗಿ ನಕ್ಕ, ಅತ್ತೆ ನಕ್ಕಳು, ನಾನೂ ನಕ್ಕೆ. ಅವ್ವನ ಕೈಯಿಂದ ಒಂದು ಸೌಟು ಕೆಳಗೆ ಬಿತ್ತು, ಅತ್ತೆ ಅಂದು ಏನೂ ಅನ್ನಲಿಲ್ಲ. ಮಧ್ಯಾಹ್ನ ಓಣಿಯ ಮಕ್ಕಳು ಬಂದವು. ಅಟ್ಟದಿಂದ ಪೆಟ್ಟಿಗೆ ಇಳಿಸಿದವಳು ನಾನು. ಲೀಲಾ ಒಂದೊಂದನ್ನೇ ತೆಗೆದು ಕೊಟ್ಟಳು: ಮಣ್ಣಿನ ಒಲೆ, ತಗಡಿನ ಬಂಡಿ, ರಬ್ಬರ್ ಚೆಂಡು. ಕೊನೆಗೆ ಚಿನ್ನಿ ಉಳಿಯಿತು. ಪಕ್ಕದ ಮನೆಯ ಎರಡು ವರ್ಷದ ಕೂಸು ಮುಂದೆ ಬಂದು ಅದರ ಕಾಲು ಹಿಡಿಯಿತು. ಲೀಲಾ ಮಡಿಸಿಟ್ಟಿದ್ದ ಕೆಂಪು ಕಾಗದದ ಅಂಚನ್ನು ಲಂಗಕ್ಕೆ ಸುತ್ತಿ, ಆಮೇಲೆ ಕೊಟ್ಟಳು. ಕೂಸು ಅಲ್ಲೇ ಕೂತು ಗೊಂಬೆಯ ಕೂದಲನ್ನು ಬಾಯಿಗಿಟ್ಟುಕೊಂಡಿತು.

ಅವಳು ಅತ್ತಿದ್ದರೆ ನನಗೆ ಅಲ್ಲಿಗೆ ಸಮಾಧಾನವಾಗುತ್ತಿತ್ತೇನೋ. ಅಳಲಿಲ್ಲ. ಮಕ್ಕಳೆಲ್ಲ ಹೋದ ಮೇಲೆ ಹಿತ್ತಲಿಗೆ ಬಂದು, ನಾನು ತಾಟು ತೊಳೆಯುತ್ತಿದ್ದ ಕಡೆ ಕೂತು, ಮೆಲ್ಲಗೆ ಕೇಳಿದಳು.

"ಅಕ್ಕಾ, ದೊಡ್ಡ ಗೊಂಬಿ ನಾಳೆ ಬರ್ತೈತೇನು?"

ಅವಳು ಇನ್ನೂ ನಂಬಿದ್ದಳು. ನಿಜ ಹೇಳಲು ಅದು ಕೊನೆಯ ಅವಕಾಶ. ನಾನು ತಾಟನ್ನು ಬೂದಿಯಲ್ಲಿ ತಿಕ್ಕುತ್ತಲೇ ಹೇಳಿದೆ.

"ಈಗ ಕೇಳಿದ್ಯಲ್ಲ, ಇನ್ನ ಬರೂದಿಲ್ಲ."

ಇದಕ್ಕಿಂತ ಕೆಟ್ಟ ಮಾತನ್ನು ನಾನು ಬದುಕಿನಲ್ಲಿ ಆಡಿಲ್ಲ. ಮುಂದೆ ಮೂವತ್ತು ವರ್ಷ ಧಾರವಾಡದ ಶಾಲೆಗಳಲ್ಲಿ ಪಾಠ ಮಾಡಿದೆ, ಮಕ್ಕಳಿಗೆ ಬೈದೆ, ಒಂದೆರಡು ಸಲ ಹೊಡೆದೆ ಕೂಡ. ಯಾವುದೂ ಇದರ ಹತ್ತಿರ ಬರುವುದಿಲ್ಲ. ಚಿನ್ನಿ ಆ ಇಡೀ ವರ್ಷ ಪಕ್ಕದ ಮನೆಯ ಅಂಗಳದಲ್ಲಿ ಬಿದ್ದಿರುತ್ತಿತ್ತು, ಮೊದಲು ಲಂಗವಿಲ್ಲದೆ, ಆಮೇಲೆ ಕೈಯಿಲ್ಲದೆ, ಮಳೆಗಾಲದ ಹೊತ್ತಿಗೆ ತಲೆ ಮಾತ್ರ. ಲೀಲಾ ಶಾಲೆಗೆ ಹೋಗುವಾಗ ಆ ಅಂಗಳ ದಾಟಿಯೇ ಹೋಗಬೇಕಿತ್ತು. ಒಂದು ದಿನವೂ ತಿರುಗಿ ನೋಡಲಿಲ್ಲ. ಅದರಿಂದಾಗಿ ಎಲ್ಲರೂ ಅವಳನ್ನು ಹೊಗಳಿದರು. ಮನೆಯಲ್ಲಿ ಅವಳು ಏನನ್ನೂ ಕೇಳದಾದಳು, ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿಯನ್ನೂ.

ಈಗ ದೊಡ್ಡತ್ತೆ ಇಲ್ಲ, ಅಪ್ಪ ಅವ್ವ ಇಲ್ಲ. ಲೀಲಾ ಕೇಶ್ವಾಪುರದಲ್ಲೇ ಇದ್ದಾಳೆ, ಹಳೆಯ ಮನೆಯಿಂದ ಎರಡು ಓಣಿ ಆಚೆ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು ಮಿನ್ನುವಿನ ಜೊತೆ. ನಾನು ಧಾರವಾಡದಿಂದ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿಬರುತ್ತೇನೆ. ಹೋದಾಗೆಲ್ಲ ನನಗೆ ಕುಡಿಯಲು ನೀರು ಬರುವುದು ಆ ತಂಬಿಗೆಯಲ್ಲಿ. ಬೇರೆಯವರಿಗೆ ಗಾಜಿನ ಗ್ಲಾಸು, ನನಗೆ ಅದು. ಚುಕ್ಕಿಗಳು ಸವೆದಿವೆ, ಹೆಸರು ಇನ್ನೂ ಓದಲು ಬರುತ್ತದೆ. ಬೇಕೆಂದು ಕೊಡುತ್ತಾಳೋ ಅಭ್ಯಾಸದಿಂದ ಕೊಡುತ್ತಾಳೋ ಎಂದು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಅವಳೇ ಫೋನು ಮಾಡಿದಳು.

"ಮಿನ್ನೂಗ ಹಬ್ಬಕ್ಕ ಏನ್ ಕೊಡಿಸಲಿ ತಿಳೀವಲ್ದು ಅಕ್ಕಾ. ಗೊಂಬಿ ಅಂದ್ರ ನಗ್ತಾಳ, ವಾಚು ಅಂದ್ರ ಮಾರಿ ಸಣ್ಣ ಮಾಡ್ತಾಳ. ಮೊಬೈಲ್ ಹಿಡಕೊಂಡು ಕೂಡ್ತಾಳ, ಮಲಗೂಮುಂದ ಬಟ್ಟಿ ಆನಿ ಬೇಕು."

ಹೋದೆ. ನೀರು ಬಂತು. ಲೀಲಾ ಎದುರಿಗೆ ಕೂತು ಮೆಂತೆಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು. ನಾನು ಬಾಯಾರ ದನಿಯಲ್ಲಿ ತೀರ್ಪು ಕೊಟ್ಟೆ.

"ದೊಡ್ಡಾಕಿ ಆಗ್ಯಾಳ. ವಾಚು ಕೊಡಿಸು."

ಲೀಲಾಳ ಕೈ ನಿಂತಿತು. ಆ ವಾಕ್ಯವನ್ನು ದುರ್ಗದಬೈಲಿನಲ್ಲಿ ಆಡಿದ್ದವಳು ನಾನು, ಅದು ನನಗೇ ಕೇಳಿಸಿತು. ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ, ವಯಸ್ಸು ಅರವತ್ತು ದಾಟಿದ ಮೇಲೆ, ಹೇಳಿಬಿಟ್ಟೆ.

"ಲೀಲಾ, ಆ ವರ್ಷ ನೀ ಚಿನ್ನಿ ಎಲ್ಲೆ ಅಂತ ನನ್ನ ಕೇಳಿದ್ದಿ. ನೀ ಕೇಳೇ ಇಲ್ಲ ಅಂತ ನಾ ಅತ್ತಿ ಮುಂದ ಸುಳ್ಳು ಹೇಳಿದೆ. ಕೇಳಿದ್ರ ಸಾಮಾನು ತಿರುಗಿ ಕೊಡ್ತಿದ್ರು."

"ಗೊತ್ತೈತಿ."

"ಯಾರು ಹೇಳಿದ್ರು? ಅತ್ತಿ?"

"ಅವ್ವ. ಆಗ ಹೇಳಿದ್ಲು. ಎರಡನೇ ಐತವಾರ ಬಚ್ಚಲದಾಗ ತಲಿಗೆ ಎರಿಯೂಮುಂದ. ಹೋಗಿ ಅತ್ತಿನ್ನ ಕೇಳು, ಕೇಳಿದ್ರ ನಿಂದು ನಿನಗ ಸಿಗ್ತೈತಿ ಅಂದ್ಲು. ಸುನಂದಾಗ ಹೇಳಲಿಕ್ಕೆ ನನಗ ಧೈರ್ಯ ಆಗಲಿಲ್ಲ, ನಿನಗರ ಹೇಳ್ತೇನಿ ಅಂತ ಅತ್ತಳು."

ನನಗಾಗಿ ಅವ್ವ ಅತ್ತಿದ್ದಳು ಎಂದು ನನಗೆ ತಿಳಿದದ್ದು ಹಾಗೆ, ಅವಳು ಸತ್ತು ಎಷ್ಟೋ ವರ್ಷದ ಮೇಲೆ. ಅವ್ವ ಸೋತಾಗೆಲ್ಲ ನಗುತ್ತಿದ್ದ ಹುಡುಗಿಗೆ ಅದು ಇಷ್ಟು ತಡವಾಗಿ ತಲುಪಿದ್ದು ನ್ಯಾಯವೇ.

"ಮತ್ತ ಯಾಕ ಕೇಳಲಿಲ್ಲ ನೀ?"

"ನೀ ಬ್ಯಾಡ ಅಂದಿದ್ದಿಯಲ್ಲ" ಎಂದಳು ಲೀಲಾ, ಮೆಂತೆಯ ದಂಟು ಮುರಿಯುತ್ತ. "ಅವ್ವ ಹೆದರಾಕಿ, ಅಕಿಗೇನು ತಿಳೀತೈತಿ ಅನಕೊಂಡೆ. ಅಕ್ಕ ಖರೇ ಹೇಳ್ತಾಳ ಅನಕೊಂಡೆ."

ನಾನು ತಪ್ಪಾಯಿತು ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಶಾಲೆ ಬಿಟ್ಟು ಮಿನ್ನು ಒಳಗೆ ಬಂದು ಚೀಲವನ್ನು ಮೂಲೆಗೆ ಎಸೆದು ಅಜ್ಜಿಯ ಬೆನ್ನಿಗೆ ಜೋತುಬಿದ್ದಳು. ಲೀಲಾ ಕೈಗಂಟಿದ ಎಲೆ ಕೊಡವಿ ಅವಳನ್ನು ಮುಂದಕ್ಕೆ ಎಳೆದು ತೊಡೆಯ ಮೇಲೆ ಕೂಡಿಸಿಕೊಂಡಳು.

"ಹಬ್ಬಕ್ಕ ನಿನಗ ಖರೇ ಏನ್ ಬೇಕು ಹೇಳು. ದೊಡ್ಡಜ್ಜಿ ಮುಂದ ಬ್ಯಾಡ. ನನ್ನ ಕಿವ್ಯಾಗ ಹೇಳು."

ಮಿನ್ನು ಒಮ್ಮೆ ನನ್ನ ಕಡೆ ನೋಡಿ, ಕೈ ಮರೆ ಮಾಡಿ, ಅಜ್ಜಿಯ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಲೀಲಾ ತಲೆಯಾಡಿಸುತ್ತ ಕೇಳಿಸಿಕೊಂಡಳು, ನಡುವೆ ನಕ್ಕಳು, ಆಗಲಿ ಎಂದು ಮೊಮ್ಮಗಳ ಕೆನ್ನೆ ತಟ್ಟಿದಳು. ನಾನು ತಂಬಿಗೆ ಹಿಡಿದು ಎದುರಿಗೇ ಕೂತಿದ್ದೆ. ಏನು ಬೇಕಂತೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.